ಕೆಂಪು ಅಂಚು

ಸೆಪ್ಟೆಂಬರ್ ೨೯, ೨೦೦೩
ಮತ್ತೆ ಕರೆಂಟ್ ಏರಿಳಿತ. ಈ ಸಲ ಕಂಪ್ಯೂಟರಿನ ಮದರ್‌ಬೋರ್ಡೇ ಹೋಯಿತು. ಹಾರ್ಡ್ ಡಿಸ್ಕ್ ಬದುಕಿದೆಯೋ ಇಲ್ಲವೋ, ಹೊಸ ಮೆಷಿನ್ನಿಗೆ ಹಾಕಿ ನೋಡುವವರೆಗೆ ತಿಳಿಯದು. ಮೂರು ವರ್ಷದ ಥೀಸಿಸ್ ಅದರಲ್ಲೇ ಇದೆ. ಚೆನ್ನೈನ ತಿರುವೊಟ್ಟಿಯೂರಿನ ಕಡಲ ದಡದಲ್ಲಿ ಬಾಟಲಿ ಬಾಟಲಿ ನೀರು ತುಂಬಿದ್ದು, ಮಣಲಿಯ ಕಾರ್ಖಾನೆಗಳ ಗಬ್ಬು ಕುಡಿದದ್ದು — ಎಲ್ಲ. ನಕಲು ಇಟ್ಟಿದ್ದ ಫ್ಲಾಪಿಗಳಿಗೆ ಬೂಷ್ಟು. ಹತ್ತನೇ ತಾರೀಕು ಸಬ್ಮಿಟ್ ಮಾಡಬೇಕು. ತಪ್ಪಿದರೆ ಗದಗಿನವರು ನನ್ನನ್ನು ನೋಡಲು ಬರುತ್ತಾರೆ. ಅವ್ವ ಮಾತು ಕೊಟ್ಟಾಗಿದೆ. ಹುಡುಗನ ಫೋಟೋ ಟಿವಿ ಮೇಲೆ. ನಾನು ಆ ಕಡೆ ಹೋದಾಗಲೆಲ್ಲ ನನ್ನನ್ನೇ ನೋಡುತ್ತಾನೆ, ಶನಿ.

ಅಕ್ಟೋಬರ್ ೧
ರಿಚಿ ಸ್ಟ್ರೀಟಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿದ್ದೆ. ಬೋರ್ಡು, ಹೊಸ ಡಿಸ್ಕು ಸಿಕ್ಕವು. ಹೊಸದಕ್ಕೆ ಸಾಟಾ ಎಂಬ ಹೊಸ ನಮೂನೆಯ ಬೆರಳಗಲದ ಕೇಬಲ್ಲು, ತಕರಾರಿಲ್ಲ. ಹಳೇ ಡಿಸ್ಕಿಗೆ ಪಟ್ಟಿಯಂಥ ಅಗಲ ಕೇಬಲ್ಲೇ ಬೇಕು. ನಲವತ್ತು ಎಳೆಯದೋ, ಎಂಬತ್ತರದೋ? ಅಂಗಡಿಯ ವಿಘ್ನೇಶನ ತಲೆ ತಿಂದೆ.
"ಎಂಬತ್ತು ಎಡುತ್ತುಕೋಂಗ ಮೇಡಂ. ಉಬ್ಬು ಇರುಕ್ಕು ಪಾರುಂಗ, ಒರೇ ಪಕ್ಕಂ ದಾನ್ ಪೋಗುಂ."
ಎಂಬತ್ತರದನ್ನೇ ತಗೊಳ್ಳಿ, ತುದಿಯಲ್ಲಿ ಉಬ್ಬಿದೆ, ಒಂದೇ ಕಡೆಗೆ ಕೂರುತ್ತದೆ ಅಂತ ಅವನ ತಮಿಳು; ಉಲ್ಟಾ ಹಾಕಲು ಆಗುವುದೇ ಇಲ್ಲವಂತೆ. ಮುದಿ ಡಿಸ್ಕಿಗೆ ಅಷ್ಟೆಲ್ಲ ಉಪಚಾರವೇಕೆ? ಮನೆಯಲ್ಲಿ ಹಳೇ ನಲವತ್ತರದಿದೆ. ಉಬ್ಬಿಲ್ಲದಿದ್ದರೇನು, ಪಟ್ಟಿಯ ಒಂದು ಬದಿಗಿರುವ ಕೆಂಪು ಅಂಚು ಡಿಸ್ಕಿನ ಒಂದನೇ ಪಿನ್ನಿನ ಕಡೆ ಬಂದರಾಯಿತು. ಬೇಡವೆಂದು ಬಂದೆ. ಬಸ್ಸಿನಲ್ಲಿ ಅನುಮಾನ... ತರಬೇಕಿತ್ತೇ?

ಅಕ್ಟೋಬರ್ ೩
ಊಟಕ್ಕೆ ಕೂತಾಗಲೂ ಕೇಬಲ್ಲು ತೊಡೆಯ ಮೇಲೆ. ಕೆಂಪು ತೀರಾ ಮಾಸಿದೆ.
"ಏನ ಜ್ಯೋತಿ, ಹಾವು ಹಿಡದಂಗ ಹಿಡಕೊಂಡು ಕುಂತಿ?" ಅಂದಳು ಅವ್ವ.
ನನ್ನ ಬರವಣಿಗೆಯೆಲ್ಲ ಇದರೊಳಗಿಂದಲೇ ಬರಬೇಕು ಎಂದು ರೇಗಿದೆ.

ಅಕ್ಟೋಬರ್ ೪
ಆಯುಧಪೂಜೆ. ಅವ್ವ ಸ್ಕ್ರೂಡ್ರೈವರ್, ಕೇಬಲ್ಲು ಸಮೇತ ಎಲ್ಲವನ್ನೂ ದೇವರ ಜಗಲಿಗೆ ಏರಿಸಿದಳು. "ನಾಳೆ ಮುಂಜಾನಿ ತನಕಾ ಏನೂ ಮುಟ್ಟಬ್ಯಾಡ."
ಎದ್ದೆ, ಕೂತೆ, ಮತ್ತೆ ಎದ್ದೆ. ಬೇಕೆಂದೇ ತಡ ಮಾಡುತ್ತಿದ್ದಾಳೆ. ಹತ್ತನೇ ತಾರೀಕು ದಾಟಲಿ ಅಂತ. ಗದಗಿನವರಿಗೆ ಉಂಡಿ ಕಟ್ಟುವ ಆತುರ.

ಅಕ್ಟೋಬರ್ ೫, ಬೆಳಿಗ್ಗೆ
ಹೊಸ ಡಿಸ್ಕಿಗೆ ವಿಂಡೋಸ್ ತುಂಬಿಸಿದೆ, ಸರಿ. ಆಮೇಲೆ ಹಳೇದು. ಕೆಂಪು ಅಂಚು ನೋಡಿಯೇ ಹಾಕಿದೆ. ಸ್ವಿಚ್. ಡಿಸ್ಕಿನ ದೀಪ ಹತ್ತಿದ್ದು ಆರುವುದೇ ಇಲ್ಲ. ಪರದೆ ಕಪ್ಪು. ಹೋಯಿತು. ಮೂರು ವರ್ಷ ಹೋಯಿತು.
ಅವ್ವನ ಮೇಲೆ ಕೂಗಾಡಿದೆ. "ನಿನಗ ಬೇಕಾಗಿದ್ದೂ ಇದ ಅಲ್ಲ? ಕರಸು ಅವರನ್ನ!"
ಅವಳು ಅಡಿಗೆಮನೆಗೆ ಹೋದಳು.

ಮಧ್ಯಾಹ್ನ
ಕೇಬಲ್ಲು ಕಿತ್ತೆ. ಬೆವೆತ ಬೆರಳಿಗೆ ಕೆಂಪು ಅಂಟಿತು. ಕುಂಕುಮ! ಅವ್ವ ಪೂಜೆಗೆಂದು ನೀರಲ್ಲಿ ಕಲಸಿ ಒಂದು ಅಂಚಿನುದ್ದಕ್ಕೂ ಗೆರೆ ಎಳೆದಿದ್ದಾಳೆ. ಕೇಬಲ್ಲಿನ ನಿಜವಾದ, ಮಾಸಿದ ಕೆಂಪು ಇರುವುದು ಆಚೆ ಅಂಚಿನಲ್ಲಿ. ನಾನು ಹಾಕಿದ್ದು ಉಲ್ಟಾ.
"ಅವ್ವಾ, ಉಳದದ್ದಕ್ಕೆಲ್ಲಾ ಒಂದು ಬಟ್ಟು. ಇದಕ್ಯಾಕ ಇಷ್ಟುದ್ದ?"
"ನಿನ್ನ ಬರವಣಿಗಿ ಅದರಾಗಿಂದ ಬರಬೇಕು ಅಂದಿದ್ದೆಲ್ಲ? ಅದಕ್ಕ ಜಾಸ್ತಿ ಹಚ್ಚಿದೆ."
"ಮತ್ತ ಗದಗಿನವರು?"
"ಅವರೆಲ್ಲಿ ಓಡಿಹೊಕ್ಕಾರ? ಮೊದಲ ನಿಂದು ಬರಲಿ."
ನಾಚಿಕೆಯಾಯಿತು.

ಮೂರು ಗಂಟೆ
ಕುಂಕುಮ ಒರೆಸಲು ಬಟ್ಟೆ ಹಿಡಿದೆ. ಒರೆಸಲಿಲ್ಲ. ಕೇಬಲ್ಲು ತಿರುಗಿಸಿ ಹಾಕಿದೆ. ಅವ್ವನನ್ನು ಪಕ್ಕ ಕೂರಿಸಿಕೊಂಡು ಸ್ವಿಚ್ಚು ಅವಳ ಕೈಯಲ್ಲೇ ಒತ್ತಿಸಿದೆ. ದೀಪ ಹತ್ತಿತು. ಆರಿತು. ಹತ್ತಿತು... ಕೈ ಸುಮ್ಮನಿರದು, ಅದಕ್ಕೇ ಬರೆಯುತ್ತಿದ್ದೇನೆ. ಡಿಸ್ಕಿನ ಹೆಸರು ಬಂತು. "ಬಂತೇನ? ಬಂತೇನ?" ಅನ್ನುತ್ತಿದ್ದಾಳೆ, ಕಣ್ಣು ಮುಚ್ಚಿಕೊಂಡು. ತಡಿ ಅವ್ವಾ. ಫೋಲ್ಡರ್ ಇದೆ. ಮೊದಲ ಅಧ್ಯಾಯ... ಕಣ್ಣು ತೆಗಿ ಅವ್ವಾ, ನೋಡಿಲ್ಲಿ —