ನಿನ್ನ ಗುನುಗು ನಿಂತಾಗ

ಭಾನುವಾರ, ಮಧ್ಯಾಹ್ನ
ಹಾಸ್ಟೆಲಿನ ಮೇಲಿನ ಮಹಡಿ

ನನ್ನ ಜೋರುಬಾಯಿಯ ಅಕ್ಕನಿಗೆ,

ತಂಗಿಯ ನಮಸ್ಕಾರ, ಜೊತೆಗೊಂದು ಅಪ್ಪಣೆ. ಈ ಪತ್ರವನ್ನು ಅಂಗಡಿಯ ಬಾಗಿಲು ಎಳೆದುಕೊಂಡು ಒಬ್ಬಳೇ ಕೂತು ಓದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತು ಹೇಳುವಷ್ಟರಲ್ಲಿ ನೀನು ನಾಲ್ಕು ಆಡಿರುತ್ತೀಯ, ಐದನೆಯದನ್ನು ಹಿಂದಿನಿಂದ ನಿನ್ನ ಅತ್ತೆ ಆಡುತ್ತಾರೆ. ಕಾಗದವಾದರೆ ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ನಿನ್ನ ಮಗಳು ಗುಂಡಿಯ ವಿಷಯ ಹೇಳುವುದಿದೆ. ಜೀವಕ್ಕೆ ಅಪಾಯದ ಮಾತಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ತಡ ಮಾಡುವ ಮಾತೂ ಅಲ್ಲ.

ಅದಕ್ಕೂ ಮುಂಚೆ ಸ್ವಲ್ಪ ಸಿಟ್ಟು ತೀರಿಸಿಕೊಳ್ಳುತ್ತೇನೆ. ನೀನು ಬೀದಿಯಲ್ಲೆಲ್ಲ ಡಂಗುರ ಸಾರಿದ್ದೀಯಂತೆ. ರವಿಕೆಯ ಅಳತೆ ಕೊಡಲು ಬಂದವರೆಲ್ಲ, ನಿನ್ನ ಮಗಳು ವಿಶ್ವವಿದ್ಯಾಲಯಕ್ಕೆ ಹೋಗಿ ಮೂರರವರೆಗೆ ಎಣಿಸಿ ಬಂದ ಕಥೆ ಕೇಳಿಕೊಂಡೇ ಹೋಗಬೇಕಂತೆ. ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಆದರೆ ಒಂದು ಮಗುವಿನ ಫಲಿತಾಂಶದಿಂದ ಏನೂ ಗೊತ್ತಾಗುವುದಿಲ್ಲ, ಎಷ್ಟೋ ಮಕ್ಕಳದನ್ನು ಸೇರಿಸಿ ನೋಡಿದರೆ ಮಾತ್ರ ಅರ್ಥ ಎಂದು ನಾನು ಅಂದೇ ಬಡಿದುಕೊಂಡಿದ್ದೆ. ನಿನಗೆ ಅದು ಬೇಕಾಗಿರಲಿಲ್ಲ. ನಿನ್ನ ಅತ್ತೆ 'ಕರೆದ್ರೆ ತಿರುಗೂ ನೋಡಲ್ಲ, ಇದು ಮಂಕು ಮಗು ಕಣೇ' ಎಂದು ದಿನಾ ಅನ್ನುತ್ತಿದ್ದರಲ್ಲ, ಅದಕ್ಕೊಂದು ಉತ್ತರ ಬೇಕಿತ್ತು. ಆ ಉತ್ತರವನ್ನು ಕೊಟ್ಟವಳು ನಾನು. ಈಗ ಅದನ್ನು ವಾಪಸ್ ಕೇಳುತ್ತಿದ್ದೇನೆ. ನೀನು ಸೂಜಿ ಎಸೆಯುವ ಮುಂಚೆ ಹೇಳುತ್ತೇನೆ, ಅದಕ್ಕಿಂತ ದೊಡ್ಡದೊಂದನ್ನು ಕೊಡುತ್ತಲೂ ಇದ್ದೇನೆ.

ಅಂದು ನಮ್ಮ ಪ್ರಯೋಗಾಲಯದಲ್ಲಿ ನೀನು ಗುಂಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಏನೂ ಕಾಣದ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರಿಂದ ನಿನಗೆ ಏನೂ ಕಂಡಿಲ್ಲ. ಅಲ್ಲಿ ನಡೆದದ್ದು ಇಷ್ಟು. ಮಗುವಿನ ಎದುರು ಒಂದು ಪುಟ್ಟ ರಂಗಮಂಚದ ಪೆಟ್ಟಿಗೆ. ಪ್ರತಿ ಆಟಕ್ಕೆ ಮುಂಚೆ ನಾನು ಅದರ ಹಿಂದಿನಿಂದ ಒಂದು ಗಂಟೆ ಅಲ್ಲಾಡಿಸುತ್ತೇನೆ, ಮಗು ಈ ಕಡೆ ನೋಡಲಿ ಎಂದು. ರಂಗಮಂಚದ ಮೇಲೆ ಎರಡು ಬಾತುಕೋಳಿ ಬೊಂಬೆ ಇಡುತ್ತೇನೆ. ಕೆಳಗಿನಿಂದ ಪರದೆ ಎದ್ದು ಅವನ್ನು ಮರೆಮಾಡುತ್ತದೆ. ಪರದೆಯ ಹಿಂದಕ್ಕೆ ಇನ್ನೊಂದು ಬೊಂಬೆ ಹೋಗುವುದನ್ನು ಮಗು ನೋಡುತ್ತದೆ. ಪರದೆ ಇಳಿದಾಗ ಮೂರು ಇರಬೇಕು. ಕೆಲವು ಸಲ ನಾನು ಹಿಂದಿನ ಕಳ್ಳಬಾಗಿಲಿನಿಂದ ಕೈ ಹಾಕಿ ಒಂದನ್ನು ಎತ್ತಿಬಿಟ್ಟಿರುತ್ತೇನೆ, ಆಗ ಎರಡೇ. ಲೆಕ್ಕ ತಪ್ಪಿತು ಎಂದು ಮಗುವಿಗೆ ಹೊಳೆದರೆ ಅದು ಕಣ್ಣು ಕೀಳದೆ ತುಂಬಾ ಹೊತ್ತು ನೋಡುತ್ತದೆ. ಮಾತು ಬಾರದ ಮಗುವಿನ ತಲೆಯೊಳಗೆ ಏನಿದೆ ಎಂದು ತಿಳಿಯಲು ನಮಗಿರುವ ಕಿಟಕಿ ಅದೊಂದೇ. ತಾಯಂದಿರು ನೋಡಿದರೆ ಮೈ ಬಿಗಿಹಿಡಿಯುತ್ತಾರೆ, ತೊಡೆಯ ಮೇಲಿನ ಮಗುವಿಗೆ ಅದು ಗೊತ್ತಾಗುತ್ತದೆ. ಅದಕ್ಕೇ ಕನ್ನಡಕ.

ಲೆಕ್ಕ ತಪ್ಪಿದಾಗಲೆಲ್ಲ ಮಕ್ಕಳು ಹೆಚ್ಚು ಹೊತ್ತು ನೋಡಿದರು. ನಿನ್ನ ಗುಂಡಿಯಂತೂ ಎಲ್ಲರನ್ನೂ ಮೀರಿಸಿದಳು. ಈ ವಯಸ್ಸಿನ ಮಕ್ಕಳಲ್ಲಿ ಇಷ್ಟು ಸ್ಪಷ್ಟವಾದ ಫಲಿತಾಂಶ ನಾನು ನೋಡಿಲ್ಲ ಎಂದು ನಮ್ಮ ಮೇಡಂ ಬೆನ್ನು ತಟ್ಟಿದರು. ಮುಂದಿನ ತಿಂಗಳ ಸಮ್ಮೇಳನದಲ್ಲಿ ನಾನು ವೇದಿಕೆ ಹತ್ತಿ ಮಾತಾಡುವುದೆಂದು ನಿಶ್ಚಯವಾಯಿತು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅಂಥ ಅವಕಾಶ ಸಿಗುವುದೇ ಅಪರೂಪ. ನಿಜ ಹೇಳುತ್ತೇನೆ, ಕಾಲು ನೆಲದ ಮೇಲಿರಲಿಲ್ಲ. ಸಹಪಾಠಿಗಳು ನನ್ನನ್ನು 'ಬಾತುಕೋಳಿ ಪ್ರೊಫೆಸರ್' ಎಂದು ಛೇಡಿಸುತ್ತಿದ್ದರು, ನಾನು ಖುಷಿಯಿಂದ ಛೇಡಿಸಿಕೊಳ್ಳುತ್ತಿದ್ದೆ.

ಕಳೆದ ಸೋಮವಾರ ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ನನಗೆ ಮನೆಯ ನೆನಪು ಬಂತು, ಅಂದರೆ ನಿನ್ನ ನೆನಪು. ನಗಬೇಡ. ನಾವು ಮಕ್ಕಳ ವಿಡಿಯೊಗಳನ್ನು ಯಾವಾಗಲೂ ಧ್ವನಿ ಬಂದ್ ಮಾಡಿಯೇ ನೋಡುತ್ತೇವೆ. ಯಾವ ಆಟ ನಡೆಯುತ್ತಿದೆ ಎಂದು ನೋಡುವವರಿಗೂ ತಿಳಿಯಬಾರದು, ತಿಳಿದರೆ ಮಗು ಎಷ್ಟು ಹೊತ್ತು ನೋಡಿತು ಎಂದು ಬರೆದುಕೊಳ್ಳುವ ಕೈ ಪಕ್ಷಪಾತ ಮಾಡುತ್ತದೆ. ಆ ಕೆಲಸವೆಲ್ಲ ಮುಗಿದಿತ್ತು. ನಿನ್ನ ದನಿ ಕೇಳೋಣ ಎಂದು ನಿನ್ನ ವಿಡಿಯೊ ಹಾಕಿ, ಮೊದಲ ಬಾರಿಗೆ ಧ್ವನಿ ಏರಿಸಿದೆ.

ನೀನು ಗುನುಗುತ್ತಿದ್ದೆ. ಹೊಲಿಗೆ ಯಂತ್ರದ ಮುಂದೆ ಕೂತರೆ ಮೂಗಿನೊಳಗೇ ಏನೋ ಗುನುಗುತ್ತೀಯಲ್ಲ, ರಾಗವೂ ಅಲ್ಲದ ಹಾಡೂ ಅಲ್ಲದ ಅದೇ. ನನಗೆ ಕಣ್ಣು ತುಂಬಿ ಬಂತು. ಆಗ ಪೆಟ್ಟಿಗೆಯಿಂದ ಸಣ್ಣಗೆ 'ಟಕ್' ಎಂದಿತು. ಕಳ್ಳಬಾಗಿಲಿನ ಸದ್ದು. ನಿನ್ನ ಗುನುಗು ನಿಂತಿತು. ಇಲ್ಲೇನೋ ನಡೀತಿದೆ ಎಂದು ನೀನು ಉಸಿರು ಬಿಗಿಹಿಡಿದಿದ್ದೆ. ಆ ಕ್ಷಣಕ್ಕೆ ಗುಂಡಿ ಕೈಯಲ್ಲಿದ್ದ ಬಟ್ಟೆ ಜಗಿಯುವುದನ್ನು ಬಿಟ್ಟು, ಕಣ್ಣರಳಿಸಿ ರಂಗಮಂಚವನ್ನು ನೋಡತೊಡಗಿದಳು. ಮುಂದಿನ ಆಟದಲ್ಲಿ ಟಕ್ ಇಲ್ಲ, ನಿನ್ನ ಗುನುಗು ನಿಲ್ಲಲಿಲ್ಲ, ಅವಳು ಎರಡು ಗಳಿಗೆ ನೋಡಿ ಮತ್ತೆ ಬಟ್ಟೆ ಜಗಿದಳು. ಕಣ್ಣಿಗೆ ಕನ್ನಡಕ ಹಾಕಿದ್ದೆವು, ಕಿವಿಗೆ ಏನೂ ಹಾಕಿರಲಿಲ್ಲ. ಅವಳು ಬಾತುಕೋಳಿ ಎಣಿಸಿರಲಿಲ್ಲ, ಅಕ್ಕ. ನಿನ್ನನ್ನು ಓದಿದ್ದಳು.

ವಾರವಿಡೀ ಉಳಿದ ವಿಡಿಯೊಗಳನ್ನೂ ಧ್ವನಿ ಹಾಕಿ ನೋಡಿದೆ. ಒಬ್ಬ ತಾಯಿ ಟಕ್ ಎಂದಾಗ ಮಗುವಿನ ಬೆನ್ನು ತಟ್ಟುವುದನ್ನು ನಿಲ್ಲಿಸುತ್ತಾಳೆ. ಇನ್ನೊಬ್ಬಳ ಮೊಣಕಾಲು ಅಲ್ಲಾಡುವುದು ನಿಲ್ಲುತ್ತದೆ. ಎಲ್ಲರೂ ಅಲ್ಲ, ಆದರೆ ನನ್ನ ಫಲಿತಾಂಶವನ್ನು ಕೆಡವಲು ಬೇಕಾದಷ್ಟು ಜನ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಇಲ್ಲಿ ಮಡಕೆಯೂ ನನ್ನದೇ, ದೊಣ್ಣೆಯೂ ನನ್ನದೇ.

ಶುಕ್ರವಾರ ಮೇಡಂ ಕೋಣೆಗೆ ಹೋದೆ. ಹೋಗುವ ಮುಂಚೆ ಎರಡು ಸಲ ಬಾಗಿಲಿನವರೆಗೆ ಹೋಗಿ ಹಿಂತಿರುಗಿದ್ದೆ, ಅದನ್ನೂ ಮುಚ್ಚಿಡುವುದಿಲ್ಲ. ಆ ಪೆಟ್ಟಿಗೆ ಮಾಡಿಸಿದ್ದು ಅವರೇ. ನನಗಿಂತ ಮುಂಚಿನ ಎಷ್ಟೋ ಪ್ರಯೋಗಗಳನ್ನು ಅವರು ಅದರಲ್ಲೇ ಮಾಡಿದ್ದಾರೆ. ನನ್ನ ಬಾತುಕೋಳಿಗಳು ಬಿದ್ದರೆ ಅವರವೂ ಅಲ್ಲಾಡುತ್ತವೆ. ನಾನು ವಿಡಿಯೊ ತೋರಿಸಿದೆ. ಎದ್ದು ಪ್ರಯೋಗಾಲಯಕ್ಕೆ ನಡೆದರು, ತಾಯಂದಿರು ಕೂರುವ ಕುರ್ಚಿಯಲ್ಲಿ ಕೂತು, ಕಪ್ಪು ಕನ್ನಡಕ ಹಾಕಿಕೊಂಡು, ಕಳ್ಳಬಾಗಿಲು ತೆಗಿ ಎಂದರು. ತೆಗೆದೆ. ಮತ್ತೆ ತೆಗಿ ಎಂದರು. ಎಷ್ಟು ಸಲ ತೆಗೆಸಿದರೋ. ಕೊನೆಗೆ ಕನ್ನಡಕ ತೆಗೆದು, 'ಇಷ್ಟು ವರ್ಷ ನಾನು ಈ ಕುರ್ಚಿಲಿ ಒಂದ್ಸಲಾನೂ ಕೂತಿಲ್ಲ ನೋಡು' ಎಂದರು.

ಸಮ್ಮೇಳನದಿಂದ ನನ್ನ ಮಾತನ್ನು ವಾಪಸ್ ತೆಗೆದುಕೊಂಡೆವು. ಪ್ರಬಂಧ ಹೊಸದಾಗಿ ಬರೆಯಬೇಕು, ಪದವಿ ಇನ್ನೊಂದು ಅವಧಿ ಮುಂದಕ್ಕೆ ಹೋಯಿತು. ನೀನು ಈಗ ತಲೆ ಚಚ್ಚಿಕೊಳ್ಳುತ್ತೀಯ, ಸುಮ್ಮನೆ ಬಾಯಿ ಮುಚ್ಚಿಕೊಂಡಿರಬಾರದಿತ್ತಾ ಹುಚ್ಚಿ ಎನ್ನುತ್ತೀಯ. ಇರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮೇಡಂ ಆಮೇಲೆ ಇಡೀ ವಿಭಾಗವನ್ನು ಕರೆದು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, 'ನನ್ನ ಪೆಟ್ಟಿಗೆ ತಪ್ಪು ಹಿಡಿದೋಳು ಇವಳು' ಎಂದರು. ಆ ಹೊತ್ತಿಗೆ ನನ್ನ ಎದೆ ಎಷ್ಟು ಉಬ್ಬಿತೆಂದರೆ, ನೀನು ಹೊಲಿದುಕೊಟ್ಟ ಕುಪ್ಪಸದ ಹೊಲಿಗೆ ಬಿಟ್ಟಿರಬೇಕು. ವೇದಿಕೆಯ ಮೇಲೆ ಸುಳ್ಳು ಫಲಿತಾಂಶ ಹೇಳಿ ಚಪ್ಪಾಳೆ ಗಿಟ್ಟಿಸಿದ್ದರೆ ಇಷ್ಟು ಹೆಮ್ಮೆಯಾಗುತ್ತಿರಲಿಲ್ಲ.

ಇಲ್ಲಿಯವರೆಗೆ ನನ್ನ ಕಥೆ. ಇನ್ನು ಗುಂಡಿಯದು. ಇದನ್ನು ನಿಧಾನವಾಗಿ ಓದು.

ಧ್ವನಿ ಹಾಕಿದಾಗ ಇನ್ನೊಂದು ಸಂಗತಿ ಕಂಡಿತು. ಆಟಕ್ಕೆ ಮುಂಚೆ ನಾನು ಗಂಟೆ ಬಾರಿಸುತ್ತೇನೆ ಎಂದೆನಲ್ಲ. ಬೇರೆ ಮಕ್ಕಳೆಲ್ಲ ಗಂಟೆಗೆ ತಿರುಗುತ್ತಾರೆ, ಕೆಲವರು ಬೆಚ್ಚುತ್ತಾರೆ, ಒಬ್ಬನಂತೂ ಪ್ರತಿ ಸಲವೂ ನಗುತ್ತಾನೆ. ಗುಂಡಿ ಒಮ್ಮೆಯೂ ತಿರುಗಲಿಲ್ಲ. ನೀನು ಅವಳನ್ನು ಸರಿಪಡಿಸಿ ಕೂರಿಸಿದಾಗ ತಿರುಗಿದಳು, ನಿನ್ನ ಎದೆಯ ಗುನುಗು ನಿಂತಾಗ ಕಣ್ಣರಳಿಸಿದಳು. ಗಂಟೆಗೆ ಇಲ್ಲ, ಟಕ್‌ಗೂ ಇಲ್ಲ. ಅವಳ ಬೆನ್ನು ನಿನ್ನ ಎದೆಗೆ ಒರಗಿತ್ತು. ಗುನುಗು ಅವಳಿಗೆ ಕಿವಿಯಿಂದಲ್ಲ, ಬೆನ್ನಿನಿಂದ ತಲುಪುತ್ತಿತ್ತು ಎಂದು ನನಗೆ ಅನುಮಾನ. ಗುಂಡಿಗೆ ಸರಿಯಾಗಿ ಕೇಳಿಸುತ್ತಿಲ್ಲವೇನೋ, ಅಕ್ಕ.

ಹಾಳೆಯನ್ನು ಕೆಳಗಿಡಬೇಡ. ನಾನು ಡಾಕ್ಟರಲ್ಲ, ಇದು ಅನುಮಾನ ಮಾತ್ರ. ಆದರೆ ಅನುಮಾನ ಬಂದ ಮೇಲೆ ಹಿಂದಿನವೆಲ್ಲ ಸಾಲಾಗಿ ಬಂದು ನಿಂತವು. ಹೊಲಿಗೆ ಯಂತ್ರ ಎಷ್ಟು ಗಡಗಡ ಎಂದರೂ ಪಕ್ಕದ ಬುಟ್ಟಿಯಲ್ಲಿ ಹಾಯಾಗಿ ಮಲಗುತ್ತಾಳೆ, ಬಂಗಾರದಂಥ ಮಗು ಎಂದು ನೀನು ಹೇಳುತ್ತಿದ್ದೆ. ದೀಪ ಆರಿಸಿದ ಕೂಡಲೇ ಚೀರುತ್ತಾಳೆ, ಹೊತ್ತಿಸಿದರೆ ಸುಮ್ಮನಾಗುತ್ತಾಳೆ ಎಂದೂ ಹೇಳುತ್ತಿದ್ದೆ. ಹುಟ್ಟಿದಾಗ ಮಾಡುವ ಕಿವಿ ಪರೀಕ್ಷೆಯನ್ನು, ಯಂತ್ರ ರಿಪೇರಿಗೆ ಹೋಗಿದೆ ಎಂದು ಆಸ್ಪತ್ರೆಯವರು ಬಿಟ್ಟಿದ್ದರು, ನೆನಪಿದೆಯಾ? ಇದರಲ್ಲಿ ನಿನ್ನ ತಪ್ಪು ಎಳ್ಳಷ್ಟೂ ಇಲ್ಲ. ಮಕ್ಕಳ ಮಿದುಳನ್ನೇ ಓದುತ್ತಿರುವ ಚಿಕ್ಕಮ್ಮನಿಗೇ ಹೊಳೆಯಲಿಲ್ಲ. ಅವಳು ಅಷ್ಟು ಚೂಟಿ, ಎಲ್ಲರನ್ನೂ ಯಾಮಾರಿಸಿದಳು.

ನಮ್ಮ ವಿಶ್ವವಿದ್ಯಾಲಯದಲ್ಲೇ ಕಿವಿಯ ಪರೀಕ್ಷೆಯ ವಿಭಾಗವಿದೆ. ಅಲ್ಲಿನ ತಜ್ಞೆಗೆ ನಮ್ಮ ಮನೆಯ ಮಗು ಎಂದೇ ಹೇಳಿ ವಿಚಾರಿಸಿದೆ. ಮಗು ಮಲಗಿರುವಾಗಲೇ ಮಾಡುವ ಪರೀಕ್ಷೆ, ಚುಚ್ಚುವುದಿಲ್ಲ, ನೋವಿಲ್ಲ. ಗುರುವಾರಕ್ಕೆ ಸಮಯ ಕೊಟ್ಟಿದ್ದಾರೆ. ನಿಜವಾಗಿಯೂ ಕೇಳಿಸುತ್ತಿಲ್ಲವೆಂದಾದರೆ ಮಾಡುವುದು ಬೇಕಾದಷ್ಟಿದೆ. ಕಿವಿಗೆ ಹಾಕುವ ಯಂತ್ರಗಳಿವೆ, ಕೈಯ ಭಾಷೆಯಿದೆ. ಈ ವಯಸ್ಸಿನ ಮಿದುಳು ಹಸಿ ಮಣ್ಣಿನ ಹಾಗೆ, ಭಾಷೆ ಯಾವ ಬಾಗಿಲಿನಿಂದ ಬಂದರೂ ಒಳಗೆ ಕರೆದು ಕೂರಿಸುತ್ತದೆ. ಬೇಗ ಬರಬೇಕು, ಅಷ್ಟೇ. ಇನ್ನೂ ವರ್ಷ ತುಂಬಿಲ್ಲ, ತಡವಾಗಿಲ್ಲ.

ಈಗ ನಿನ್ನ ಅತ್ತೆಗೆ ಹೇಳಬೇಕಾದ ಉತ್ತರ. ಇದನ್ನು ಬೇಕಾದರೆ ಬಾಯಿಪಾಠ ಮಾಡು. ಮಂಕು ಮಗು ಅಲ್ಲ ಅದು. ಲೋಕದ ಅರ್ಧ ಸದ್ದು ಕಿವಿಗೆ ಬೀಳದಿದ್ದರೂ ಅದು ಅಳುತ್ತಾ ಕೂರಲಿಲ್ಲ. ಅಮ್ಮನ ಎದೆಯ ನಡುಕ, ಉಸಿರು, ತೋಳಿನ ಬಿಗಿ ಇವುಗಳಿಂದಲೇ ಕೋಣೆಯಲ್ಲಿ ಏನಾಗುತ್ತಿದೆ ಎಂದು ಕಂಡುಹಿಡಿಯಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟೆಲ್ಲ ಮಕ್ಕಳ ನಡುವೆ ಅವಳೇ ಮುಂದಿದ್ದಳಲ್ಲ, ಅದು ಲೆಕ್ಕದಲ್ಲಲ್ಲ, ಇದರಲ್ಲಿ. ಒಂದು ಮಗುವಿನ ಫಲಿತಾಂಶದಿಂದ ಏನೂ ಗೊತ್ತಾಗುವುದಿಲ್ಲ ಎಂದು ಮೇಲೆ ಬರೆದವಳು ನಾನೇ. ವಿದ್ಯಾರ್ಥಿನಿಯಾಗಿ ಈಗಲೂ ಅದನ್ನೇ ಹೇಳುತ್ತೇನೆ. ಚಿಕ್ಕಮ್ಮನಾಗಿ ಹೇಳಬೇಕೆಂದರೆ, ನಾನು ಇಷ್ಟು ವರ್ಷ ಓದಿದ್ದರಲ್ಲಿ ಇಂಥ ಬುದ್ಧಿವಂತಿಕೆ ಕಂಡಿಲ್ಲ. ನಿನಗೆ ಬೀದಿಯಲ್ಲಿ ಡಂಗುರ ಸಾರಲೇಬೇಕೆಂದಿದ್ದರೆ ಇದನ್ನು ಸಾರು. ಈ ಸಲ ತಡೆಯುವುದಿಲ್ಲ, ಜೊತೆಗೆ ತಮಟೆಯನ್ನೂ ನಾನೇ ಬಡಿಯುತ್ತೇನೆ.

ಮತ್ತೆ ನಿನ್ನ ಬಗ್ಗೆಯೂ ಒಂದು ಮಾತು. ಮೈಯಿಂದಲೇ ಓದಲು ಅವಳಿಗೆ ಒಂದು ಮೈ ಬೇಕಿತ್ತು. ಕತ್ತರಿ ಕೆಳಗಿಟ್ಟ ಕೂಡಲೇ ಎತ್ತಿಕೊಳ್ಳುವ, ಇಡೀ ದಿನ ಎದೆಗೆ ಒರಗಿಸಿಕೊಂಡೇ ರವಿಕೆಗಳಿಗೆ ಗುಂಡಿ ಹಚ್ಚುವ ಅಮ್ಮ ಸಿಕ್ಕಿದ್ದಕ್ಕೇ ಅವಳು ಇಷ್ಟು ಕಲಿತಳು. ಅಂಥ ಅಕ್ಕ ನನ್ನವಳು ಎಂದು ವಿಭಾಗದಲ್ಲೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಗುನುಗುವುದನ್ನು ಮಾತ್ರ ನಿಲ್ಲಿಸಬೇಡ.

ನಿನ್ನ ಪದವಿ ಇಲ್ಲದ ತಂಗಿ,
ಬಾತುಕೋಳಿ ಪ್ರೊಫೆಸರ್

ತಾ.ಕ.: ಈ ಲಕೋಟೆಯ ಅಂಚೆಚೀಟಿಗೆ ಮುದ್ರೆ ಬೀಳದ್ದನ್ನು ನೀನು ನೋಡಿರಲಿಕ್ಕಿಲ್ಲ. ಅಂಚೆ ಡಬ್ಬಿಯ ಬಾಯಿಗೆ ಇಟ್ಟಿದ್ದೆ, ಬಿಡಲಾಗಲಿಲ್ಲ. ಒಬ್ಬಳೇ ಓದು ಎಂದು ಬರೆದದ್ದು ತಪ್ಪು. ಬಾಯಲ್ಲಿ ಹೇಳಲು ಧೈರ್ಯವಿಲ್ಲ, ಓದುವಾಗ ನಿನ್ನನ್ನು ಒಬ್ಬಳೇ ಬಿಡಲೂ ಧೈರ್ಯವಿಲ್ಲ. ಹಾಗಾಗಿ ಬೆಳಗಿನ ಬಸ್ಸಿಗೆ ನಾನೇ ತಂದು ನಿನ್ನ ಕೈಗಿಟ್ಟು, ಎದುರಿನ ಮಣೆಯ ಮೇಲೆ ಕೂತಿದ್ದೇನೆ. ಬಸ್ಸಿನಲ್ಲೇ ಇದನ್ನು ಬರೆಯುತ್ತಿದ್ದರೂ ಎಲ್ಲ ಕಣ್ಣಿಗೆ ಕಟ್ಟಿದಂತಿದೆ, ಗುಂಡಿ ನನ್ನ ತೊಡೆಯ ಮೇಲಿದ್ದಾಳೆ. ನೀನು ಓದಲು ಶುರುಮಾಡಿದಾಗಿನಿಂದ ನಿನ್ನ ಮುಖವನ್ನೇ ನೋಡುತ್ತಿದ್ದಾಳೆ, ಇನ್ನೆಲ್ಲೂ ನೋಡಿಲ್ಲ. ತಲೆ ಎತ್ತು, ಅಕ್ಕ. ಉಸಿರು ಬಿಡು. ಅವಳು ಕಾಯುತ್ತಿದ್ದಾಳೆ.