ಮೂರನೇ ಬೇಸಿನ ಚಪ್ಪಾಳೆ

ಎಲ್ಮ್‌ಫೋರ್ಡ್, ನೆಬ್ರಾಸ್ಕಾ
ಜೂನ್ ೧೧

ಪ್ರೀತಿಯ ಮಾರ್ಗೋ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಊದಿಸಿಕೋ. ಪತ್ರವನ್ನು ಫ್ರಿಜ್ಜಿನ ಬಾಗಿಲಿಗೇ ಅಂಟಿಸಿದ್ದೆ. ಹಾಲು ತೆಗೆಯುವಾಗಲೆಲ್ಲ ಓದುವುದು, ಸಿಟ್ಟು ಬರುವುದು, ಬಾಗಿಲು ದಬಾರನೆ ಹಾಕಿ ಆಚೆ ಹೋಗುವುದು, ಇದೇ ಆಯಿತು. ತಡವಾದದ್ದಕ್ಕೆ ಕ್ಷಮಿಸು ಎಂದು ಒಂದು ಸಲ ಹೇಳುತ್ತೇನೆ, ಎರಡನೇ ಸಲ ಕೇಳಬೇಡ.

ನಿನ್ನ ಅಮ್ಮನ ಸೊಂಟದ ಮೂಳೆ ಕೂಡಿಕೊಂಡಿತೆಂದು ಓದಿ ಸಮಾಧಾನವಾಯಿತು. ಊರುಗೋಲು ಬೇಡವೆಂದು ಹಟ ಹಿಡಿದಿದ್ದಾರಂತಲ್ಲ, ಬಿಟ್ಟುಕೊಡಬೇಡ. ಹಟಮಾರಿ ಹೆಂಗಸರ ಜೊತೆ ಏಗುವುದು ನಿನಗೆ ಹೊಸದೇನಲ್ಲ. ಮೊದಲು ನನ್ನ ಸಾಫ್ಟ್‌ಬಾಲ್ ತಂಡದಲ್ಲಿ ಚೆಂಡೆಸೆಯುವ ಪಿಚರ್ ಆಗಿ, ಆಮೇಲೆ ನನ್ನ ಸಹಾಯಕಿಯಾಗಿ ಇಷ್ಟು ವರ್ಷ ನನ್ನನ್ನು ಸಹಿಸಿಕೊಂಡವಳು ನೀನು. ಜನವರಿಯಲ್ಲಿ ಅಮ್ಮ ಬಿದ್ದರೆಂದು ನೀನು ಕ್ಯಾನ್ಸಸ್‌ಗೆ ಹೊರಟಾಗ ಹೋಗಿ ಬಾ ಎಂದವಳು ನಾನೇ. ಆದರೂ ಫೆಬ್ರವರಿಯಿಂದ ಮೇ ತನಕ ದಿನಕ್ಕೊಂದು ಸಲ ನಿನ್ನನ್ನು ಬೈದುಕೊಂಡಿದ್ದೇನೆ, ಅದನ್ನೂ ತಿಳಿದುಕೋ.

ಈ ಸಲ ಏನೇನಾಯಿತು, ಬರುವ ವರ್ಷಕ್ಕೆ ಯಾರು ಯಾರು ಮರಳಿ ಬರುತ್ತಾರೆ ಎಂದು ಕೇಳಿದ್ದೀಯ. ಇನ್ನೊಂದು ಮಾತನ್ನೂ ಕೇಳಿದ್ದೀಯ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ, ಬರುವ ಮನಸ್ಸಾದರೆ.

ಯಾರು ಮರಳುತ್ತಾರೆ ಎನ್ನುವುದು ಈ ವರ್ಷ ಸುಮ್ಮನೆ ಕೇಳುವ ಪ್ರಶ್ನೆಯಾಗಿರಲಿಲ್ಲ ಮಾರ್ಗೋ. ಏಪ್ರಿಲ್‌ನಲ್ಲಿ ಕ್ರೀಡಾ ವಿಭಾಗದ ಮುಖ್ಯಸ್ಥ ಡ್ವೇನ್ ನನ್ನ ಕೋಣೆಗೆ ಬಂದು, ಕುರ್ಚಿಯ ಮೇಲೆ ಅರ್ಧ ಕೂತು, "ಇರ್ಮಾ, ಬರೋ ವರ್ಷಕ್ಕೆ ಒಂಬತ್ತು ಜನ ಹಳೇ ಹುಡುಗೀರು ಉಳ್ಕೊಳ್ದೆ ಹೋದ್ರೆ ತಂಡ ಮುಚ್ಬೇಕು ಅಂತ ಮೇಲಿನೋರು ಹೇಳ್ತಿದಾರೆ. ಮೈದಾನಾನ ಕಾರ್ ನಿಲ್ಸೋಕೆ ಮಾಡ್ತಾರಂತೆ. ನಾನೇನ್ ಮಾಡ್ಲಿ?" ಎಂದ. "ನೀನೇನ್ ಮಾಡ್ತೀಯಪ್ಪ, ಫುಟ್‌ಬಾಲ್‌ನೋರು ಬಂದಾಗ ಬಾಗ್ಲು ತೆಗೆದು ನಿಂತ್ಕೋ" ಎಂದೆ. ಅವನು ನಗಲಿಲ್ಲ. ನಾನೂ ನಗಲಿಲ್ಲ. ಈಗಿನ ಹುಡುಗಿಯರಿಗೆ ಕಾಲೇಜು ಬದಲಾಯಿಸುವುದು ಅಂಗಿ ಬದಲಾಯಿಸಿದ ಹಾಗೆ. ಸೋತ ತಂಡದಲ್ಲಿ ಯಾರು ನಿಲ್ಲುತ್ತಾರೆ? ಅವತ್ತಿನಿಂದ ನನ್ನ ತಲೆಯಲ್ಲಿ ಅದೊಂದೇ, ಇವರು ಉಳಿಯುತ್ತಾರೋ ಓಡುತ್ತಾರೋ.

ಸೀಸನ್ ಶುರುವಾದದ್ದೇ ಕೆಟ್ಟ ಗಳಿಗೆಯಲ್ಲಿ. ಮಾರ್ಚ್ ಪೂರ್ತಿ ಗಾಳಿ. ಪಶ್ಚಿಮದ ದನದ ದೊಡ್ಡಿಗಳ ನಾತ ಹೊತ್ತುಕೊಂಡು ಬರುವ ಆ ಗಾಳಿ ನಿನಗೆ ಗೊತ್ತೇ ಇದೆ. ಎತ್ತರಕ್ಕೆ ಹೋದ ಚೆಂಡು ಎಲ್ಲಿ ಬೀಳುತ್ತದೆಂದು ದೇವರಿಗೂ ತಿಳಿಯದು. ಬಸ್ಸಿನ ಹೀಟರ್ ಕೆಟ್ಟು, ಹುಡುಗಿಯರು ಕಂಬಳಿ ಹೊದ್ದು ಪಂದ್ಯಕ್ಕೆ ಬಂದಿಳಿಯುತ್ತಿದ್ದರು. ಹ್ಯಾಡ್ಲಿ ಪಿಚ್ ಮಾಡಲು ನಿಂತರೆ ಮೊದಲ ಇನ್ನಿಂಗ್ಸ್‌ನಲ್ಲೇ ಎದುರಾಳಿಗಳು ಊಟಕ್ಕೆ ಕೂತ ಹಾಗೆ ಹೊಡೆಯುವರು. ಅವಳಿಗೆ ಚಳಿಯಲ್ಲಿ ಭುಜ ಬಿಸಿಯಾಗುವುದು ನಿಧಾನ. ಉಳಿದವರಿಗಿಂತ ಬೇಗ ಕರೆತಂದು ಗೋಡೆಗೆ ಚೆಂಡು ಎಸೆಸಬೇಕು, ಇಲ್ಲದಿದ್ದರೆ ಅವಳ ಚೆಂಡು ಏಳುವುದೇ ಇಲ್ಲ. ಇದನ್ನು ನಾನು ಕಂಡುಕೊಳ್ಳುವಷ್ಟರಲ್ಲಿ ಅರ್ಧ ಮಾರ್ಚ್ ಕಳೆದಿತ್ತು. ಅದನ್ನವಳು ಬಾಯಿ ಬಿಟ್ಟು ಹೇಳಬಾರದೆ? ಹೇಳುವುದಿಲ್ಲ. ಸುಮ್ಮನೆ ಸೂರ್ಯಕಾಂತಿ ಬೀಜ ಜಗಿದು ಉಗಿಯುತ್ತಾ ನಿಲ್ಲುತ್ತಾಳೆ.

ಇನ್ನು ಜಡೆ. ನೀನಿದ್ದಾಗ ಬಸ್ಸಿನಲ್ಲಿ ಎಲ್ಲರಿಗೂ ಜಡೆ ಹೆಣೆಯುತ್ತಿದ್ದೆಯಲ್ಲ, ನೀನು ಹೋದ ಮೇಲೆ ಬ್ರಿನ್ ಆ ಬಾಚಣಿಗೆ ಹಿಡಿದಳು. ವರ್ಷವಿಡೀ ಬೆಂಚಿನ ಮೇಲೆ ಕೂತ ಹುಡುಗಿ ಅವಳು, ನಾನು ಆಡಿಸಿದ್ದೇ ಅಪರೂಪ. ಆದರೆ ಅವಳು ಹೆಣೆದು ಮುಗಿಸುವ ತನಕ ಒಬ್ಬಳೂ ಬಸ್ಸಿಳಿಯುವುದಿಲ್ಲ. "ಕೂದ್ಲು ನೋಡಿ ರನ್ ಕೊಡ್ತಾರೇನೇ?" ಎಂದು ಒಂದು ದಿನ ಬಾಗಿಲಲ್ಲೇ ಕೂಗಿದೆ. "ಇನ್ನೊಂದೇ ತಲೆ ಕೋಚ್," ಎಂದಳು ಬ್ರಿನ್, ಬಾಯಲ್ಲಿ ಕ್ಲಿಪ್ ಕಚ್ಚಿಕೊಂಡು. ಆ ಇನ್ನೊಂದು ತಲೆ ಯಾವತ್ತೂ ಮುಗಿದಿದ್ದಿಲ್ಲ.

ಇವೆಲ್ಲಕ್ಕಿಂತ ನನ್ನ ತಲೆ ಕೆಡಿಸಿದ್ದು ನಿನ್ನ ಆ ಹಾಡುಗಳು. ಬ್ಯಾಟ್ ಹಿಡಿದು ಹೋಗುವ ಪ್ರತಿ ಹುಡುಗಿಗೂ ಒಂದೊಂದು ಹಾಡು, ತೊಡೆ ತಟ್ಟುವುದು, ಚಪ್ಪಾಳೆ, ಬೇಲಿ ಬಡಿಯುವುದು. ಗೆಲ್ಲುವಾಗ ಹೇಗೋ ಸಹಿಸಬಹುದು. ಮಾರ್ಚ್‌ನಲ್ಲಿ ಮಣ್ಣು ಮುಕ್ಕುವಾಗಲೂ ಹಾಡುತ್ತಾರಲ್ಲ, ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. "ಸೋಲ್ತಾ ಇದ್ದೀರಿ, ಹಾಡ್ತೀರಲ್ಲೇ, ನಾಚ್ಕೆ ಆಗಲ್ವಾ?" ಎಂದೆ. ಕ್ಯಾಚರ್ ಜೋಸೀ ಇದ್ದಾಳಲ್ಲ, ವಕೀಲರ ಹಾಗೆ ಮಾತಾಡುವವಳು, ಅವಳು ಮುಖದ ಜಾಲರಿ ಮೇಲೆತ್ತಿ, "ಹಾಡಿದ್ರೂ ಸೋಲ್ತೀವಿ, ಹಾಡ್ದಿದ್ರೂ ಸೋಲ್ತೀವಿ. ಹಾಡಾದ್ರೂ ಇರ್ಲಿ ಬಿಡಿ ಕೋಚ್" ಎಂದಳು. ಉಳಿದವರೆಲ್ಲ ಬೇಲಿ ಕಡೆ ತಿರುಗಿಕೊಂಡು ನಕ್ಕರು. ನನಗೆ ಕಾಣುವುದಿಲ್ಲವೆಂದುಕೊಂಡರು.

ಏಪ್ರಿಲ್‌ನಲ್ಲಿ ಹವೆ ಬೆಚ್ಚಗಾಯಿತು, ಹ್ಯಾಡ್ಲಿಯ ಭುಜ ತಿರುಗಿತು, ಟೇಟಮ್ ಹೊಡೆತಕ್ಕೂ ಕಾಯದೆ ಕುದುರೆಯ ಹಾಗೆ ಓಡಿ ಮುಂದಿನ ಬೇಸ್ ಕದಿಯತೊಡಗಿದಳು. ಹೇಗೋ ಎದ್ದು ಬಿದ್ದು ಸೇಂಟ್ ಒಡೀಲ್ ಕಾಲೇಜಿನ ಮೇಲೆ ಕೊನೆಯ ಪಂದ್ಯಕ್ಕೆ ಬಂದೆವು. ಗೆದ್ದಿದ್ದರೆ ರಾಷ್ಟ್ರ ಮಟ್ಟಕ್ಕೆ ಹೋಗುತ್ತಿದ್ದೆವು. ಡ್ವೇನ್‌ನ ಬಾಯಿ ಮುಚ್ಚುತ್ತಿತ್ತು, ಹುಡುಗಿಯರೂ ಉಳಿಯುತ್ತಿದ್ದರು.

ಆ ಪಂದ್ಯದ ಬಗ್ಗೆ ಬೇರೆಯವರಿಂದ ಕೇಳಿರುತ್ತೀಯ. ನನ್ನಿಂದಲೂ ಕೇಳು. ಒಂದು ರನ್ ಹಿಂದಿದ್ದೆವು. ಆರನೇ ಇನ್ನಿಂಗ್ಸ್‌ನಲ್ಲಿ ಹ್ಯಾಡ್ಲಿ ಎರಡನೇ ಬೇಸಿನಿಂದ ಓಡಿ ಬರುತ್ತಿದ್ದಾಳೆ, ನಾನು ಮೂರನೇ ಬೇಸಿನ ಪಕ್ಕದ ಗೆರೆಯಲ್ಲಿ ಎರಡು ಕೈ ಎತ್ತಿ "ನಿಲ್ಲೇ, ನಿಲ್ಲೇ" ಎಂದು ಗಂಟಲು ಹರಿದುಕೊಳ್ಳುತ್ತಿದ್ದೇನೆ. ಅವಳು ತಲೆ ತಗ್ಗಿಸಿ ಓಡುವವಳು, ಕೈ ನೋಡಲಿಲ್ಲ. ಬೆಂಚಿನ ಹಾಡಿನ ಗದ್ದಲದಲ್ಲಿ ನನ್ನ ಕೂಗೂ ಕೇಳಲಿಲ್ಲ. ಸೀದಾ ಹೋಗಿ ಕೊನೆಯ ಬೇಸಾದ ಹೋಮ್‌ನಲ್ಲಿ ಔಟಾದಳು. ನನಗೆ ಪಿತ್ತ ನೆತ್ತಿಗೇರಿತು. ಬೆಂಚಿನ ಹತ್ತಿರ ಹೋಗಿ, "ಇನ್ನೊಂದು ಚಪ್ಪಾಳೆ ಕೇಳಿಸಿದ್ರೆ ಒಬ್ಬೊಬ್ಬರನ್ನೂ ಬಸ್ಸಿಗೆ ಕಳಿಸ್ತೀನಿ. ಬಾಯಿಗೆ ಬೀಗ ಹಾಕ್ಕೊಳ್ಳಿ" ಎಂದೆ. ನನ್ನ ಜಾಗದಲ್ಲಿದ್ದಿದ್ದರೆ ನೀನೂ ಅದನ್ನೇ ಹೇಳುತ್ತಿದ್ದೆ. ಹೇಳುತ್ತಿರಲಿಲ್ಲ, ಗೊತ್ತು. ಇರಲಿ.

ಕೊನೆಯ ಇನ್ನಿಂಗ್ಸ್, ಇಬ್ಬರು ಔಟ್, ಮೂರನೆಯವಳು ಔಟಾದರೆ ಮುಗಿಯಿತು. ಟೇಟಮ್ ಮೂರನೇ ಬೇಸಿನಲ್ಲಿ, ನನ್ನಿಂದ ಕೈಯಳತೆ ದೂರದಲ್ಲಿ. ಜೋಸೀ ಬ್ಯಾಟ್ ಹಿಡಿದಿದ್ದಾಳೆ. ಬೆಂಚು ಮೌನವಾಗಿತ್ತು. ಅಬ್ಬಾ, ಈಗ ಆಟ ಆಡುವ ತಂಡದ ಹಾಗಿದೆ ಎಂದುಕೊಂಡೆ. ಪಿಚರ್ ಕೈ ಸುತ್ತಿದಳು, ಜೋಸೀ ಎರಡನೇ ಬೇಸಿನ ತಲೆಯ ಮೇಲಿಂದ ಹೊಡೆದಳು, ಟೇಟಮ್ ಹೋಮ್ ದಾಟಿದಳು, ರನ್ ಸಮವಾಯಿತು. ನಾನು, ಈ ವಯಸ್ಸಿನಲ್ಲಿ, ಎಗರಿದೆ ಕಣೇ. ಕೆಳಗಿಳಿದು ನೋಡಿದರೆ ಅಂಪೈರ್ ಆಗಲೇ ಕೈ ಎತ್ತಿ ಆಟ ನಿಲ್ಲಿಸಿದ್ದ. ಚೆಂಡು ಪಿಚರ್ ಕೈ ಬಿಡುವ ಮೊದಲೇ ಟೇಟಮ್ ಬೇಸಿನಿಂದ ಕಾಲು ಕಿತ್ತಿದ್ದಳಂತೆ. ಅವಳು ಔಟ್, ಹೊಡೆತ ಲೆಕ್ಕಕ್ಕಿಲ್ಲ, ಪಂದ್ಯ ಮುಗಿಯಿತು. ಹಲ್ಲು ಬಿದ್ದು ಬಾರದ ಮಕ್ಕಳಿಗೂ ನಾವು ಮೊದಲು ಕಲಿಸುವ ಪಾಠ ಅದು, ಚೆಂಡು ಕೈ ಬಿಡುವ ತನಕ ಬೇಸ್ ಬಿಡಬೇಡ ಎಂದು. ಆ ತಪ್ಪನ್ನು ವರ್ಷವಿಡೀ ಒಮ್ಮೆಯೂ ಮಾಡದವಳು ಅವತ್ತು ಮಾಡಿದಳು.

"ಕಾಲಿಗಿರೋ ಚುರುಕು ತಲೆಗಿದ್ದಿದ್ರೆ ಸೋಲ್ತಿರ್ಲಿಲ್ಲ" ಎಂದೆ, ಎಲ್ಲರ ಮುಂದೆ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದರೆ ಯಾರೂ ಇಳಿಯಲಿಲ್ಲ. ಖಾರದ ಬೀನ್ಸ್ ಕಾಳಿನ ಸಾರು, ಜೊತೆಗೆ ದಾಲ್ಚಿನ್ನಿ ಬನ್ನು, ಈ ಹುಡುಗಿಯರು ಪ್ರಾಣ ಬಿಡುವ ಊಟ. ನಾನೊಬ್ಬಳೇ ಹೋಗಿ ಒಂದು ಬನ್ನು ತಿಂದು ಬಂದೆ. ಬಸ್ಸಿನಲ್ಲಿ ಬ್ರಿನ್ ಒಬ್ಬೊಬ್ಬರ ಜಡೆ ಬಿಚ್ಚುತ್ತಿದ್ದಳು.

ಮುಂದಿನ ವಾರ ಪ್ರತಿವರ್ಷದ ಹಾಗೆ ಒಬ್ಬೊಬ್ಬರನ್ನೇ ಕೋಣೆಗೆ ಕರೆದು ಕೇಳಿದೆ, ಬರುತ್ತೀಯೋ ಇಲ್ಲವೋ. ಹ್ಯಾಡ್ಲಿ "ಬರ್ತೀನಿ" ಎಂದಳು, ಅಷ್ಟೇ, ಬೀಜ ಜಗಿಯುತ್ತಾ ಹೋದಳು. ಬ್ರಿನ್ ಕೂಡ ಬರುತ್ತಾಳಂತೆ. ಅವಳ ಕೈ ನೋಡಿದ್ದೀಯಾ, ಚೆಂಡು ಹಿಡಿದು ಬಿಡುವ ವೇಗ ನೋಡು, ಎರಡನೇ ಬೇಸಿನಲ್ಲಿ ನಿಲ್ಲಿಸಿದರೆ ನಿಲ್ಲುತ್ತಾಳೆ. ನಾನು ಅದನ್ನು ಗಮನಿಸಿದ್ದು ಮೇ ತಿಂಗಳಲ್ಲಿ. ಟೇಟಮ್ ಖಂಡಿತ ಹೋಗುತ್ತಾಳೆಂದು ಲೆಕ್ಕ ಹಾಕಿದ್ದೆ. ಅವಳು ತನ್ನ ಬೂಟು ನೋಡುತ್ತಾ "ಬರ್ತೀನಿ ಕೋಚ್" ಎಂದಳು.

ಕೊನೆಗೆ ಜೋಸೀ ಬಂದಳು. ಬರ್ತೀನಿ ಎಂದವಳು ಎದ್ದು ಹೋಗಲಿಲ್ಲ.

"ಟೇಟಮ್ ತಲೆ ಸರಿಯಾಗೇ ಇದೆ ಕೋಚ್," ಎಂದಳು. "ನಾವ್ಯಾರೂ ಬೇಸಲ್ಲಿ ನಿಂತಾಗ ಪಿಚರ್‌ನ ನೋಡಲ್ಲ. ಬ್ಯಾಟ್ ನೋಡ್ತೀವಿ. ಪಿಚರ್‌ನ ಬೆಂಚ್‌ನೋರು ನೋಡ್ತಾರೆ. ಮೆಲ್ಲಗೆ ಮೂರು ಚಪ್ಪಾಳೆ, ಕೈಯಿಂದ ಚೆಂಡು ಬಿಡುವಾಗ ಒಂದು ಜೋರು. ಆ ಜೋರಿನದ್ದಕ್ಕೆ ಕಾಲು ಕೀಳೋದು. ಮಾರ್ಗೋ ಹೇಳ್ಕೊಟ್ಟಿದ್ದು."

"ಅದು ಹಾಡಲ್ವೇನೇ?" ಎಂದೆ.

"ಹಾಡೇ. ಒಳಗೆ ಅದೂ ಇದೆ. ಅವತ್ತು ಬೆಂಚ್ ಸುಮ್ನಿತ್ತಲ್ಲ, ಟೇಟಮ್ ಅಂದಾಜಲ್ಲಿ ಓಡಿದ್ಲು."

"ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬೇಡ ಅಂತಿದ್ರಿ."

ಇಷ್ಟು ವರ್ಷ ಮೂರನೇ ಬೇಸಿನ ಪಕ್ಕದಲ್ಲಿ ನಿಂತಿದ್ದೇನೆ. ಆ ಚಪ್ಪಾಳೆ ನನ್ನ ಬೆನ್ನ ಹಿಂದಿನ ಬೆಂಚಿನಲ್ಲೇ ಬೀಳುತ್ತಿತ್ತು. ಯಾರಾದರೂ ಹೀಗೆ ಕಲಿಸುತ್ತಾರೇನೇ ಮಾರಾಯ್ತಿ? ಕಣ್ಣಿರುವುದು ಯಾತಕ್ಕೆ? ಕಲಿಸಿದವಳು ಒಂದು ಮಾತು ನನ್ನ ಕಿವಿಗೆ ಹಾಕಬಾರದಿತ್ತೆ? ನಿನ್ನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆದರೂ ಅವತ್ತು ಸಿಟ್ಟಿಗಿಂತ ಖುಷಿಯೇ ಹೆಚ್ಚಿತ್ತು, ಸುಳ್ಳು ಹೇಳುವುದಿಲ್ಲ. ಎಲ್ಲರೂ ಬರುತ್ತಾರೆ. ಬೇಕಾದ ಒಂಬತ್ತಕ್ಕಿಂತ ಜಾಸ್ತಿಯೇ ಆದರು. ತಂಡ ಉಳಿಯಿತು. ಸಂಜೆ ಅಂಗಡಿಗೆ ಹೋಗಿ ಹಸಿರು ಬಣ್ಣ ತಂದು, ಸಿಪ್ಪೆ ಎದ್ದಿದ್ದ ಆ ಹಳೇ ಬೆಂಚನ್ನು ಉಜ್ಜಿ ಬಳಿದೆ. ಮಂಡಿ ಹಿಡಿದುಕೊಂಡು ಏಳಲಾಗದೆ ಅಲ್ಲೇ ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ, ಒಬ್ಬಳೇ ನಗುತ್ತಾ. ಮಾರನೇ ದಿನ ನಿನ್ನ ಪತ್ರ ಬಂತು.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಅವರು ಊರುಗೋಲು ಎಸೆದರೆ ಹೆಕ್ಕಿ ಕೈಗೆ ಕೊಡು, ಮತ್ತೆ ಎಸೆದರೆ ಮತ್ತೆ ಕೊಡು. ನೀನು ಊಟ ಸರಿಯಾಗಿ ಮಾಡು, ನಿನ್ನ ಮೊಣಕೈಗೆ ರಾತ್ರಿ ಐಸ್ ಇಡುವುದನ್ನು ಮರೆಯಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನಗೆ ನನಗಿಂತ ಹೆಚ್ಚು ತಾಳ್ಮೆ ಕೊಟ್ಟಿದ್ದಾನೆ, ಅದು ಹಾಗೇ ಇರಲಿ.

ನಿನ್ನ,
ಇರ್ಮಾ

ತಾ.ಕ.: ಆ ಇನ್ನೊಂದು ಮಾತು. "ಡ್ವೇನ್ ನನ್ನನ್ನು ನಿಮ್ಮ ಜಾಗಕ್ಕೆ ಕೋಚ್ ಆಗಿ ಬಾ ಎಂದು ಕರೆದಿದ್ದಾನೆ, ನೀವು ಹೂಂ ಎಂದರೆ ಮಾತ್ರ ಒಪ್ಪುತ್ತೇನೆ" ಎಂದು ಬರೆದಿದ್ದೀಯ. ನಿನ್ನ ಪತ್ರ ನೋಡುವ ತನಕ ನನಗೆ ಒಂದು ಚೂರೂ ಗೊತ್ತಿರಲಿಲ್ಲ. ಡ್ವೇನ್ ಈ ಸೋಮವಾರವಷ್ಟೇ ಟೋಪಿ ಕೈಯಲ್ಲಿ ಹಿಡಿದು ಬಂದು ಹೇಳಿದ. ಪಂದ್ಯದ ಮರುದಿನವೇ ಹುಡುಗಿಯರೆಲ್ಲ ಒಟ್ಟಾಗಿ ಅವನ ಹತ್ತಿರ ಹೋಗಿ, "ಮಾರ್ಗೋ ಬಂದ್ರೆ ಬರ್ತೀವಿ" ಎಂದಿದ್ದರಂತೆ. ಅಂದರೆ ನನ್ನ ಕೋಣೆಯಲ್ಲಿ ಒಬ್ಬೊಬ್ಬರೂ ಬರ್ತೀನಿ ಎಂದದ್ದು ನಿಜವೇ, ಸುಳ್ಳಾಡಲಿಲ್ಲ ಪಾಪ. ಯಾರ ಹತ್ತಿರ ಬರುತ್ತೀರಿ ಎಂದು ನಾನು ಕೇಳಲಿಲ್ಲ. ನನ್ನ ಹತ್ತಿರವೇ ಎಂದುಕೊಂಡು ಬೆಂಚಿಗೆ ಬಣ್ಣ ಬಳಿದೆ. ತುಂಬಾ ನೋವಾಯಿತು ಮಾರ್ಗೋ. ಇಷ್ಟು ದಿನ ಪತ್ರ ಬರೆಯದೆ ಇದ್ದದ್ದು ಅದಕ್ಕೇ.

ಹೂಂ. ಬಾ. ಹ್ಯಾಡ್ಲಿಯ ಭುಜ, ಬ್ರಿನ್‌ಳ ಕೈ, ಎಲ್ಲ ಮೇಲೆ ಬರೆದಿದ್ದೇನೆ, ಮತ್ತೊಮ್ಮೆ ಓದಿಕೋ. ಟೇಟಮ್‌ಗೆ ಅವಳ ತಲೆ ಚೆನ್ನಾಗಿದೆ ಎಂದು ಹೇಳು. ನಾನೇ ಹೇಳೋಣವೆಂದು ಫೋನ್ ಹಿಡಿದು ಎರಡು ಸಲ ಇಟ್ಟುಬಿಟ್ಟೆ. ಮಾರ್ಚ್‌ನಲ್ಲಿ ಮೊದಲ ಪಂದ್ಯಕ್ಕೆ ಬರುತ್ತೇನೆ, ಆದರೆ ಮೊದಲನೇ ಬೇಸಿನ ಕಡೆ ಕೂರುತ್ತೇನೆ. ಮೂರನೇ ಬೇಸಿನ ಹತ್ತಿರ ಕೂತು ಆ ಚಪ್ಪಾಳೆ ಕೇಳಲು ನನಗಿನ್ನೂ ಆಗುವುದಿಲ್ಲ.