ಕತ್ತರಿಸಿ ಇಟ್ಟ ಹೆಸರುಗಳು

6-2-1989, ಸೋಮವಾರ

ಇಡೀ ದಕ್ಷಿಣ ಕನ್ನಡದಲ್ಲಿ ಕಂಪ್ಯೂಟರಿಗೆ ಹೆದರದ ಗಂಡಸು ನಾನೊಬ್ಬನೇ. ಅದೇ ನನಗೆ ಹೆದರುತ್ತದೆ. ಮಣಿಪಾಲದ ನಮ್ಮ ಪ್ರೆಸ್ಸಿಗೆ ಇಂದು ಹೊಸ ಸಿಸ್ಟಮ್ ಬಂತು. ಹಳೆಯದರಲ್ಲಿ ಕಂಟ್ರೋಲ್ ಕೀಲಿ ಒತ್ತಿ ಸಾಲುಗಳ ತಲೆಗೊಂದು, ಬಾಲಕ್ಕೊಂದು ಗುರುತು ಹಾಕಿದರೆ ಅವು ಹೇಳಿದಲ್ಲಿಗೆ ಹೋಗುತ್ತಿದ್ದವು. ಇದಕ್ಕೆ ಮೌಸ್ — ಬಾಲವಿರುವ ಸಾಬೂನು ಪೆಟ್ಟಿಗೆ. ಎತ್ತಿ ಪರದೆಗೆ ಹಿಡಿದೆ. ತಂಗಿಯ ಮಗಳು ನರ್ಮದಾ, ಇಲ್ಲಿಯ ಆಪರೇಟರ್, ಹೊಟ್ಟೆ ಹಿಡಿದು ನಕ್ಕಳು.

"ಮಾಮ, ಅದನ್ನು ಮೇಜಿನ ಮೇಲೆ ಎಳೆಯುವುದು!"

"ಗೊತ್ತುಂಟು ಮಾರಾಯ್ತಿ. ಭಾರ ನೋಡಿದ್ದು."

ಕಾಪು ಶಾಲೆಯಲ್ಲಿ ಏಳನೇ ಕ್ಲಾಸು, ಇಪ್ಪತ್ತೆರಡು ವರ್ಷ ಅಚ್ಚಿನ ಮೊಳೆ ಜೋಡಿಸಿದ ಕೈ. ಇದನ್ನೂ ಬಗ್ಗಿಸುತ್ತೇನೆ.

8-2-1989

ಕಾರ್ಕಳದಿಂದ ನಳಿನಾಕ್ಷಿ ಟೀಚರ್ ಬಂದರು. ಅವರು ಮೊದಲ ದಿನದಿಂದ ಕಲಿಸಿದ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ. ಹಳೆಯ ರಿಜಿಸ್ಟರು ಗೆದ್ದಲಿನ ಪಾಲು. ಆ ಮಕ್ಕಳ ಹೆಸರೆಲ್ಲ ಇರುವುದು ಟೀಚರ ತಲೆಯಲ್ಲಿ ಮಾತ್ರ. ಬರೆದು ತರುತ್ತೇನೆ ಎಂದರು.

"ಪೇಪರ್ ಎಂತಕ್ಕೆ ಟೀಚರ್? ನೇರ ಮೆಷಿನಿಗೇ ಹೇಳಿ."

ಕಣ್ಣು ಮುಚ್ಚಿ, ಬೆಂಚಿನಿಂದ ಬೆಂಚಿಗೆ, ಸಂಜೆಯವರೆಗೆ ಹೇಳಿದರು. ಏಳುವಾಗ — "ಜಾಗ್ರತೆ, ಆಯ್ತಾ? ಇನ್ನೊಮ್ಮೆ ಕೇಳಿದರೆ ಅರ್ಧವೂ ಬರಲಿಕ್ಕಿಲ್ಲ. ನೆನಪು ಹೋಗ್ತಾ ಉಂಟು."

10-2-1989, ಬೆಳಿಗ್ಗೆ 11.30

ಟೀಚರ ಫೋನು. ಕೊನೆಯ ಬ್ಯಾಚುಗಳು ಮೊದಲು ಬರಲಿ ಎಂದರು. ನರ್ಮದಾ ಉಡುಪಿಗೆ ಹೋಗಿದ್ದಳು — ನಾನಿಲ್ಲವೇ? ಮೊದಲ ಹತ್ತು ವರ್ಷ ಸೆಲೆಕ್ಟ್, ಕಟ್. ಎರಡನೇ ಹತ್ತು ವರ್ಷ ಸೆಲೆಕ್ಟ್, ಕಟ್. ಕೆಳಗೆ ಹೋಗಿ ಪೇಸ್ಟ್. ಸೇವ್. ಬೆಣ್ಣೆ!

ಅದೇ ದಿನ, 4 ಗಂಟೆ

ಬಂದದ್ದು ಎರಡನೇ ಹತ್ತು ವರ್ಷ ಮಾತ್ರ. ಮೊಳೆಯ ಕಾಲದಲ್ಲಿ ಎತ್ತಿದ ಸಾಲುಗಳನ್ನು ತಟ್ಟೆ ತಟ್ಟೆಯಾಗಿ ಬದಿಗಿಡುತ್ತಿದ್ದೆವು. ಹತ್ತು ಇಟ್ಟರೆ ಹತ್ತೂ ಇರುತ್ತಿದ್ದವು. ಉಡುಪಿಯಿಂದ ಬಂದ ನರ್ಮದಾಳಿಗೆ ಹೇಳಿದೆ.

"ಇದರಲ್ಲಿ ಒಂದೇ ತಟ್ಟೆ, ಮಾಮ. ಎರಡನೆಯದು ಇಟ್ಟಾಗ ಮೊದಲಿನದು ಹೋಯಿತು. ಸೇವ್ ಬೇರೆ ಮಾಡಿದ್ದೀರಿ, ಹಳೆಯ ಪ್ರತಿಯೂ ಇಲ್ಲ. ಕಾಪಿ ಮಾಡಿ, ಅಂಟಿಸಿ ನೋಡಿ, ಆಮೇಲೆ ಅಳಿಸುವುದಲ್ವಾ? ಎಷ್ಟು ಹೆಸರು?"

"ಎಂತ... ಒಂದು ಐದು."

15-2-1989

ಹೋದ ಹೆಸರು ಹುಡುಕಲಿಕ್ಕೆ ನಾಲ್ಕು ದಿನ ರಜೆ. ಕುಕ್ಕುಂದೂರಿನ ಮೌರಿಸ್ ಆ ಮೊದಲ ಹತ್ತು ವರ್ಷದ ವಿದ್ಯಾರ್ಥಿ. ಅಂಗಳದಲ್ಲಿ ಕಲ್ಲಿಟ್ಟು ಬೆಂಚು ಮಾಡಿ ನೆನಪಿನಿಂದ ಒಬ್ಬೊಬ್ಬರನ್ನೇ ಕೂರಿಸಿದ. ಇಪ್ಪತ್ತಾರು ಹೆಸರು! ಹಿಂದಿನ ಬೆಂಚಿನ ಐರಿನ್ ಈಗ ಹೆಬ್ರಿಯಲ್ಲಿ ಟೀಚರ್ ಅಂತೆ. ನಾಳೆ ಅಲ್ಲಿಗೆ. ಬಿಡುವುದಿಲ್ಲ.

19-2-1989

ಹೆಬ್ರಿ, ಶಂಕರಪುರ, ಪುನಃ ಕಾರ್ಕಳ. ಎಲ್ಲ ಸೇರಿ ತೊಂಬತ್ತೊಂದು. ಒಂದೊಂದನ್ನೂ ಟೈಪ್ ಮಾಡಿ ಎರಡು ಫ್ಲಾಪಿಗೆ ಕಾಪಿ ಮಾಡಿದೆ. ಮೌಸ್ ಈಗ ಬೆರಳ ಮಾತು ಕೇಳುತ್ತದೆ.

ಟೀಚರ ಫೋನು — "ಯಾರ ಹೆಸರೂ ಬಿಟ್ಟಿಲ್ಲ ಅಲ್ವಾ ಮಧ್ವರಾಜ? ಕೆಲವರು ಈಗ ಇಲ್ಲ. ಅವರ ಮನೆಯವರು ಮೊದಲು ಆ ಪುಟವನ್ನೇ ನೋಡುವುದು."

"ಎಲ್ಲ ಉಂಟು ಟೀಚರ್."

ರಿಸೀವರ್ ಇಟ್ಟು ಪಟ್ಟಿಯನ್ನು ಇನ್ನೊಮ್ಮೆ ಎಣಿಸಿದೆ. ತೊಂಬತ್ತೊಂದೇ.

20-2-1989

ಇನ್ನು ಉಳಿದದ್ದನ್ನು ಹೇಳಬಲ್ಲವರು ಟೀಚರೊಬ್ಬರೇ. ನಾಳೆಗೆ ಇನ್ನಷ್ಟು ಮರೆತಾರು. ಇಂದೇ ಕಾರ್ಕಳದ ಮೊದಲ ಬಸ್ಸಿಗೆ ಹೋಗುವುದೇ. ನೋಟ್‌ಬುಕ್, ಎರಡು ಪೆನ್ಸಿಲ್ ಚೀಲದಲ್ಲಿ. ಬೈದರೆ ಬೈಯಲಿ, ಕೂತು ಬರೆಯುತ್ತೇನೆ. ಎದುರು ನಿಂತಾಗ ನಾಲಗೆ ಪುನಃ ಲೆಕ್ಕ ಕಡಿಮೆ ಮಾಡೀತು, ಆದ್ದರಿಂದ ಇಲ್ಲಿ ಬರೆದಿಡುವುದು. ಕಳೆದದ್ದು ಐದಲ್ಲ, ಐವತ್ತೂ ಅಲ್ಲ. ಇನ್ನೂರ ಹನ್ನೆರಡು ಹೆಸರು.